ಮಾವನವರ ಹಿಂದಿನ ಸೀಟು

ನನ್ನ ಮಾವನವರ ಮುಖಕ್ಕೆ ಎರಡು ಬಣ್ಣವಿತ್ತು. ಹಣೆ, ಕೆನ್ನೆ, ಗದ್ದ ಎಲ್ಲ ಬಿಸಿಲಿಗೆ ಸುಟ್ಟು ಹುರಿದ ಕಡಲೆಕಾಯಿ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಕಣ್ಣುಗಳ ಸುತ್ತ ಮಾತ್ರ ಎರಡು ದುಂಡನೆಯ ಬಿಳಿ ವೃತ್ತಗಳು, ಯಾರೋ ಬಟ್ಟಲಿಟ್ಟು ಗೆರೆ ಎಳೆದ ಹಾಗೆ. ಅದು ವರ್ಷಗಟ್ಟಲೆ ಗಾಗಲ್ಸ್ ಕಟ್ಟಿಕೊಂಡು ಮೋಟಾರ್ ಸೈಕಲ್ ಓಡಿಸಿದ ಗುರುತು. ಯಲಹಂಕದ ಹಳೇ ಪೇಟೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯವರೆಲ್ಲ ಬಸ್ಸಿನಲ್ಲಿ ಬಂದರು, ಗಂಡಿನ ಅಪ್ಪ ಒಬ್ಬರೇ ಗಾಡಿಯಲ್ಲಿ ಬಂದರು. ಬಾಗಿಲ ಸಂದಿಯಿಂದ ಇಣುಕಿದ ನಮ್ಮಜ್ಜಿ ನನ್ನ ಕಿವಿಯಲ್ಲಿ, "ಹುಡುಗನ ಅಪ್ಪಂಗೆ ಕಣ್ಣಿಗೇನೋ ಕಾಯಿಲೆ ಇರ್ಬೇಕು ಕಣೇ, ಸರಿಯಾಗಿ ವಿಚಾರಿಸ್ಬೇಕು" ಅಂದರು.

ಹಾಡು ಬರುತ್ತಾ, ಅಡಿಗೆ ಬರುತ್ತಾ ಅಂತ ಉಳಿದವರು ಕೇಳುತ್ತಿದ್ದಾಗ ಮಾವನವರು ಕೇಳಿದ್ದು ಒಂದೇ ಪ್ರಶ್ನೆ. "ಟೀಚರ್ ಟ್ರೈನಿಂಗ್ ಮುಗಿಸಿದೀಯಂತೆ. ಪೋಸ್ಟಿಂಗ್ ದೂರ ಸಿಕ್ಕಿದ್ರೆ ಹೋಗ್ತೀಯಾ?"

"ಹೋಗ್ತೀನಿ" ಅಂದೆ. ನಮ್ಮಪ್ಪ ಗಂಟಲು ಸರಿಮಾಡಿಕೊಂಡರು. ಮಾವನವರು "ಸರಿ" ಅಂದು ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದರು.

ಅವರ ಮನೆ ಆರ್.ಟಿ. ನಗರದಲ್ಲಿ. ಆಗಿನ್ನೂ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಸಂಜೆ ಹೆಬ್ಬಾಳದ ಕೆರೆ ಕಡೆಯಿಂದ ಕೊಕ್ಕರೆಗಳು ನಮ್ಮ ತಾರಸಿ ಮೇಲೆಯೇ ಹಾದು ಹೋಗುತ್ತಿದ್ದವು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾಡಿ ನಿಲ್ಲುತ್ತಿತ್ತು. ಮೈಸೂರಿನಲ್ಲಿ ತಯಾರಾದ ಗಾಡಿ, ಕಡು ಕೆಂಪು, ಎರಡು ಸೈಲೆನ್ಸರು. ಮಾವನವರು ಅದರ ಹ್ಯಾಂಡಲನ್ನು ತಗ್ಗಿಸಿ, ಸೀಟನ್ನು ಹಿಂದಕ್ಕೆ ಸರಿಸಿ, ಬೇಡದ್ದನ್ನೆಲ್ಲ ಕಿತ್ತು ಹಾಕಿ ರೇಸಿಗೆ ಹೊಂದಿಸಿಕೊಂಡಿದ್ದರು. ವಾರವೆಲ್ಲ ಅದರಲ್ಲೇ ಯಶವಂತಪುರದ ಕಾರ್ಖಾನೆಗೆ ಕೆಲಸಕ್ಕೆ ಹೋಗುವುದು. ರೇಸ್ ಇರುವ ಭಾನುವಾರ ದೀಪ, ಮಡ್‌ಗಾರ್ಡ್ ಬಿಚ್ಚಿಟ್ಟು ಅದನ್ನೇ ಊರಾಚೆ, ವಿಮಾನ ಇಳಿಯುವುದು ನಿಂತುಹೋಗಿದ್ದ ಹಳೆಯ ರನ್‌ವೇಗೆ ಒಯ್ಯುವುದು.

ನನ್ನ ಗಂಡನಿಗೂ ಗಾಡಿಗೂ ಆಗಿಬರುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪೇಪರ್ ಓದಿಕೊಂಡು ಆಫೀಸಿಗೆ ಹೋಗುವುದರಲ್ಲೇ ಅವರಿಗೆ ಪರಮಸುಖ. ಆದರೂ ನಾನು ಹಟ ಮಾಡಿದ್ದಕ್ಕೆ ಮದುವೆಯಾದ ಹೊಸತರಲ್ಲಿ ಒಂದು ಸಲ ರೇಸಿಗೆ ಕರೆದುಕೊಂಡು ಹೋದರು. ಬಿಸಿಲು, ಧೂಳು, ಸುಟ್ಟ ಎಣ್ಣೆಯ ವಾಸನೆ. ಡ್ರಮ್ಮುಗಳನ್ನು ಇಟ್ಟು ತಿರುವು ಮಾಡಿದ್ದರು. ಮಿಕ್ಕವರು ಆ ತಿರುವಿಗೆ ಬರುವಾಗ ಮೈಯೆಲ್ಲ ಬಿಗಿ ಮಾಡಿಕೊಂಡು, ಹಲ್ಲು ಕಚ್ಚಿ, ಗಾಡಿಯ ಜೊತೆ ಗುದ್ದಾಡಿದಂತೆ ಬರುತ್ತಿದ್ದರು. ಐವತ್ತು ದಾಟಿದ್ದ ನನ್ನ ಮಾವ ಮಗ್ಗುಲಿಗೆ ಹೊರಳಿ ಮಲಗುವವರ ಹಾಗೆ ವಾಲಿಕೊಂಡು ಬಂದರು. ಮಂಡಿ ನೆಲಕ್ಕೆ ತಾಕುತ್ತದೇನೋ ಅನ್ನುವಷ್ಟು ಹತ್ತಿರ. ಭುಜದಲ್ಲಿ ಒಂದಿಷ್ಟೂ ಬಿಗಿ ಇಲ್ಲ. ಜನ ಎದ್ದು ನಿಂತರು, ನಾನೂ ನಿಂತೆ. ಸೆರಗು ಹಾರಿ ಹಿಂದಿನವರ ಮುಖದ ಮೇಲೆ ಬಿದ್ದದ್ದೂ ಗೊತ್ತಾಗಲಿಲ್ಲ. ಗೆದ್ದು ಬಂದು ಹೆಲ್ಮೆಟ್ ತೆಗೆದವರು ನನ್ನನ್ನು ನೋಡಿ, "ನೀನೂ ಬಂದಿದೀಯಾ? ತಿನ್ನಕ್ಕೇನಾದ್ರೂ ತಂದಿದೀಯೇನಮ್ಮ?" ಅಂತ ಕೇಳಿದರು.

ಬುತ್ತಿ ಬಿಚ್ಚಿ ಕೊಡುತ್ತಾ, "ಹೆದರಿಕೆ ಆಗಲ್ವಾ ಮಾವ?" ಅಂದೆ.

"ಮೈ ನೋವಾದ್ರೆ ಹೆದರಿಕೆ ಆಗತ್ತೆ" ಅಂದರು ಚಪಾತಿ ಸುತ್ತಿಕೊಳ್ಳುತ್ತಾ. "ಬೆನ್ನು ನೋಯ್ತಿದ್ರೆ ಮನಸ್ಸು ಬೆನ್ನ ಮೇಲಿರತ್ತೆ, ರಸ್ತೆ ಮೇಲಿರಲ್ಲ. ಅದಕ್ಕೇ ಗಾಡಿ ಮೇಲೆ ಆರಾಮಾಗಿ ಕೂತ್ಕೋಬೇಕು. ಇವ್ರೆಲ್ಲ ಆರಾಮ ಅಂದ್ರೆ ಸೋಮಾರಿತನ ಅಂದ್ಕೊಂಡಿದಾರೆ."

ನನಗೆ ಪೋಸ್ಟಿಂಗ್ ಬಂದದ್ದು ಸೋಲದೇವನಹಳ್ಳಿಯ ಶಾಲೆಗೆ. ಎರಡು ಬಸ್ಸು ಬದಲಾಯಿಸಬೇಕು. ಯಶವಂತಪುರದಿಂದ ಮುಂದಕ್ಕೆ ಹೋಗುವ ಬಸ್ಸಿನಲ್ಲಿ ಹೂವಿನ ಮೂಟೆ, ಕೋಳಿಬುಟ್ಟಿ, ಕೊನೆಯ ಸೀಟಿನಲ್ಲಿ ನಾನು. ಹೆಸರಘಟ್ಟ ರಸ್ತೆಯ ಒಂದೊಂದು ಗುಂಡಿಗೂ ತಲೆ ಮೇಲಿನ ತಗಡಿಗೆ ತಾಕುತ್ತಿತ್ತು. ಆ ವರ್ಷವೇ ಬಸುರಿಯಾದೆ. ಮೂರನೆಯ ತಿಂಗಳಿಗೇ ಹೋಯಿತು. ಬಸ್ಸಿನಿಂದಲೇ ಹಾಗಾಯಿತು ಅಂತ ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ಮನೆಗೆ ಬಂದವರೆಲ್ಲ ಮೊದಲು ಬಸ್ಸನ್ನು, ಆಮೇಲೆ ನನ್ನ ಕೆಲಸವನ್ನು ಬೈದು ಹೋದರು. ನಾನು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದೆ. ಮಾವನವರು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಮತ್ತೆ ಬಸುರಿಯಾಗುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಗಂಗಾನಗರದ ಕಡೆ ಒಬ್ಬ ವಯಸ್ಸಾದ ಡಾಕ್ಟರಮ್ಮನ ಕ್ಲಿನಿಕ್ ಇತ್ತು. ಅವರು ಪರೀಕ್ಷೆ ಮಾಡಿ, "ಈ ಸಲ ಕುಲುಕಾಟ ಕೂಡದು. ಆ ಬಸ್ಸು ಹತ್ತಲೇಬೇಡ" ಅಂದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈಗ ತಿಂಗಳುಗಟ್ಟಲೆ ರಜೆ ಹಾಕಿದರೆ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ನಮ್ಮತ್ತೆ, "ಬಿಟ್ಬಿಡು ಮಗಾ, ಮಗು ಮುಖ್ಯ" ಅಂದರು. ನನ್ನ ಗಂಡನೂ ತಟ್ಟೆ ನೋಡುತ್ತಾ "ಹೌದು" ಅಂದರು. ನನಗೆ ಮಗು ಬೇಕಿತ್ತು. ಅಷ್ಟೇ ಆಸೆಯಿಂದ, ಕಪ್ಪು ಹಲಗೆಯ ಮುಂದೆ ನಿಲ್ಲುವುದೂ ಬೇಕಿತ್ತು.

ಮಾವನವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ಯಾರೂ ಏನೂ ಬಿಡೋದು ಬೇಡ. ನಾನು ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ."

"ಆ ರೇಸ್ ಗಾಡೀಲಾ?" ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು.

"ನಾಳೆಯಿಂದ ಅದು ರೇಸ್ ಗಾಡಿ ಅಲ್ಲ."

ಮರುದಿನದಿಂದ ಶೆಡ್ಡಿನಲ್ಲಿ ಸ್ಪ್ಯಾನರ್ ಸದ್ದು. ನಾನು ಕೆಲವೇ ದಿನದ ರಜೆ ಹಾಕಿ ಮನೆಯಲ್ಲಿದ್ದೆ; ಕಾಫಿ ಕೊಡುವ ನೆಪದಲ್ಲಿ ಹೋಗಿ ನೋಡುತ್ತಿದ್ದೆ. ತಗ್ಗು ಹ್ಯಾಂಡಲ್ ಹೋಗಿ ಎತ್ತರದ ಅಗಲ ಹ್ಯಾಂಡಲ್ ಬಂತು. ಹಿಂದಿನ ಗಡುಸು ಸ್ಪ್ರಿಂಗುಗಳನ್ನು ತೆಗೆದು ಮೆತ್ತನೆಯವನ್ನು ಎಲ್ಲಿಂದಲೋ ಹುಡುಕಿ ತಂದರು. ಸೀಟನ್ನು ಬಿಚ್ಚಿ, ಕೆಳಗೆ ತೆಂಗಿನ ನಾರು, ಅದರ ಮೇಲೆ ರಬ್ಬರ್ ಫೋಮ್, ಮೇಲೆ ಹತ್ತಿ ಹಾಕಿ ಹೊಲಿಸಿದರು. ಎಡಗಡೆ ಸೀರೆಗೆ ಜಾಲರಿ, ಎರಡು ಕಾಲೂ ಊರಿಕೊಳ್ಳುವಷ್ಟು ಅಗಲದ ಪಟ್ಟಿ, ಹಿಡಿದುಕೊಳ್ಳಲು ಬಟ್ಟೆ ಸುತ್ತಿದ ಕಂಬಿ. ನನ್ನನ್ನು ನಿಂತ ಗಾಡಿಯ ಮೇಲೆ ಕೂರಿಸಿ, "ಮಂಡಿ ಎಷ್ಟು ಮಡಿಚ್ತಾ ಇದೆ? ಸೊಂಟ ಹಿಂದಕ್ಕೆ ಜಗ್ತಾ ಇದೆಯಾ?" ಅಂತ ದರ್ಜಿಯ ಹಾಗೆ ಕೇಳಿ ಕೇಳಿ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿದರು. ಗಾಡಿಯ ಎಂಜಿನ್ನನ್ನು ಮಾತ್ರ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದರೆ, "ಶಕ್ತಿ ಇರೋ ಗಾಡಿ ಒದ್ದಾಡಲ್ಲ ಕಣಮ್ಮ. ಇಲ್ಲದ್ದೇ ನಡುಗೋದು" ಅಂದರು.

ಆಮೇಲೊಂದು ಬೆಳಿಗ್ಗೆ ಅತ್ತೆಯ ಹತ್ತಿರ ಹಿಂದಿನ ರಾತ್ರಿ ಹೆಪ್ಪು ಹಾಕಿದ್ದ ಮೊಸರಿನ ಪಾತ್ರೆ ಕೇಳಿ ಪಡೆದರು. ಅದನ್ನು ಹಿಂದಿನ ಸೀಟಿನ ಮೇಲೆ ಟವೆಲಿನಲ್ಲಿ ಕಟ್ಟಿಕೊಂಡು ಸೋಲದೇವನಹಳ್ಳಿಗೆ ಹೋಗಿ, ಅಲ್ಲಿಂದ ವಾಪಸು ನೇರ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಬಂದರು. ನಾನೂ ಅತ್ತೆಯೂ ಮೊದಲೇ ಅಲ್ಲಿಗೆ ಹೋಗಿ ಕೂತಿದ್ದೆವು. ಸ್ಟೆಥಾಸ್ಕೋಪು, ಮಾತ್ರೆ ಡಬ್ಬಗಳ ನಡುವೆ ಮೇಜಿನ ಮೇಲೆ ಪಾತ್ರೆ ಇಟ್ಟು ಮುಚ್ಚಳ ತೆಗೆದರು. ಮೊಸರು ಕನ್ನಡಿಯ ಹಾಗೆ ನಿಂತಿತ್ತು. ಕೆನೆಯಲ್ಲಿ ಒಂದು ಬಿರುಕಿಲ್ಲ, ಅಂಚಿನಲ್ಲಿ ಒಂದು ತೊಟ್ಟು ನೀರೊಡೆದಿಲ್ಲ. ಅತ್ತೆ ಬಗ್ಗಿ ನೋಡಿ, "ನಾನು ಅಡಿಗೆಮನೆಯಿಂದ ಹಜಾರಕ್ಕೆ ತಂದ್ರೇ ಒಡೆಯತ್ತಲ್ಲೇ ಇದು!" ಅಂದರು.

ಡಾಕ್ಟರಮ್ಮ ಕನ್ನಡಕದ ಮೇಲಿಂದ ಮಾವನವರನ್ನು ನೋಡಿದರು. "ಮೊಸರು ಚೆನ್ನಾಗಿದೆ. ಆದ್ರೆ ನಿಮ್ಮ ಸೊಸೆ ಮೊಸರಲ್ಲ ಕಣ್ರೀ."

"ಹಾಗಾದ್ರೆ ನೀವೇ ಒಂದ್ಸಲ ಕೂತು ನೋಡಿ."

ಕ್ಲಿನಿಕ್ಕಿನಲ್ಲಿ ಕೂತಿದ್ದವರೆಲ್ಲ ಉಸಿರು ಹಿಡಿದರು. ಅರವತ್ತು ದಾಟಿದ, ಬೈದರೆ ಕಾಂಪೌಂಡರು ಸೀಸೆ ಬೀಳಿಸುವಂಥ ಡಾಕ್ಟರಮ್ಮ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೇಬಿಟ್ಟರು. ಹೆಬ್ಬಾಳದ ಕೆರೆ ಏರಿಯವರೆಗೂ ಹೋಗಿ ಬಂದರು. ಇಳಿದವರ ತಲೆಗೂದಲು ಕೆದರಿತ್ತು, ಮುಖ ಮದುವೆ ಮನೆಯಿಂದ ಬಂದವರ ಹಾಗಿತ್ತು. "ನನ್ನ ಕಾರಿಗಿಂತ ಎಷ್ಟೋ ವಾಸಿ" ಅಂದರು. ತಕ್ಷಣ ಗಂಭೀರವಾಗಿ ನನ್ನ ಕಡೆ ತಿರುಗಿ, "ಇವ್ರ ಹಿಂದೆ ಮಾತ್ರ. ಬೇರೆ ಯಾರ ಹಿಂದೆಯೂ ಕೂರಬೇಡ. ವಾರ ವಾರ ಬಂದು ತೋರಿಸ್ಬೇಕು" ಅಂದರು.

ಹಾಗೆ ಶುರುವಾಯಿತು. ಮೊದಲ ದಿನ ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ. ಮೇಖ್ರಿ ಸರ್ಕಲ್ ದಾಟಿ, ಯಶವಂತಪುರ ದಾಟಿ, ಜಾಲಹಳ್ಳಿಯ ಮರಗಳ ಕೆಳಗೆ ಬರುವಷ್ಟರಲ್ಲಿ ಬೆರಳು ತಾನಾಗಿ ಸಡಿಲವಾಯಿತು. ಗಾಡಿ ಯಾವಾಗ ಗೇರ್ ಬದಲಾಯಿಸಿತು, ಯಾವಾಗ ಬ್ರೇಕ್ ಹಿಡಿಯಿತು ಅನ್ನುವುದೇ ನನ್ನ ಮೈಗೆ ಗೊತ್ತಾಗುತ್ತಿರಲಿಲ್ಲ. ನಾನು ಬಸ್ಸಿನಿಂದ ಎಂದೂ ನೋಡಿರದ ದ್ರಾಕ್ಷಿ ತೋಟಗಳು, ಹೊಲದ ನಡುವಿನ ಬಾವಿಗಳು, ನೀಲಗಿರಿ ಸಾಲು ಎಲ್ಲ ಒಂದೊಂದಾಗಿ ಪಕ್ಕಕ್ಕೆ ಬಂದು ಹಿಂದೆ ಸರಿಯುತ್ತಿದ್ದವು. ಡ್ರಮ್ಮಿನ ತಿರುವಿನಲ್ಲಿ ಮಂಡಿ ನೆಲಕ್ಕೆ ತಾಕುವಂತೆ ವಾಲಿದ ಅದೇ ಮನುಷ್ಯ, ಅದೇ ಗಾಡಿ. ಅಷ್ಟು ವೇಗ ಗೊತ್ತಿದ್ದವರಿಗೆ ಮಾತ್ರ ಇಷ್ಟು ಮೃದು ಬರುತ್ತದೇನೋ ಅಂತ ಅವರ ಬೆನ್ನು ನೋಡುತ್ತಾ ಯೋಚಿಸುತ್ತಿದ್ದೆ.

ಊರು ಹತ್ತಿರವಾದಾಗ ಮೋರಿಯ ಬಳಿ ಒಂದು ದೊಡ್ಡ ಗುಂಡಿ. ಅದನ್ನು ತಪ್ಪಿಸಲು ದಾರಿಯೇ ಇರಲಿಲ್ಲ. ಎರಡು ದಿನ ಅಲ್ಲಿ ನನ್ನನ್ನು ಇಳಿಸಿ ನಡೆಸಿದರು. ಮೂರನೆಯ ದಿನ ನನ್ನನ್ನು ಶಾಲೆಗೆ ಬಿಟ್ಟು ವಾಪಸು ಹೋಗಿ, ಪ್ಯಾಂಟ್ ಮಡಿಚಿ, ತಾವೇ ಮಣ್ಣು ಹೊತ್ತು ಹಾಕತೊಡಗಿದರಂತೆ. ಪಕ್ಕದ ಹೊಲದ ಅಜ್ಜಿಯೊಬ್ಬಳು ನೋಡಿ ತಡೆಯಲಾರದೆ ಬಂದಳಂತೆ.

"ಇಂಗೆ ಬರೀ ಮಣ್ ಆಕ್ಬುಟ್ರೆ ಮಳೆಗೆ ಒಂಟೋಯ್ತದೆ ಸ್ವಾಮಿ. ಮೊದ್ಲು ಕಲ್ಲಾಕ್ಬೇಕು" ಅಂದು ಮಗನನ್ನೂ ಎತ್ತಿನ ಗಾಡಿಯನ್ನೂ ಕರೆಸಿದಳು. ಸಂಜೆ ನಾನು ಹೊರಟಾಗ ಗುಂಡಿ ಇರಲಿಲ್ಲ. ಆ ಅಜ್ಜಿ ದಿನಾ ಬೇಲಿ ಬಳಿ ನಿಂತು ನನ್ನ ಹೊಟ್ಟೆ ನೋಡಿ, "ಗಂಡೋ ಎಣ್ಣೋ, ಸುಖವಾಗಿ ಬರ್ಲಿ" ಅಂತ ಕೈ ಎತ್ತುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ನನಗೆ ಏಳು ತುಂಬಿತ್ತು. ಒಕ್ಕಣೆಯ ಕಾಲ, ರೈತರು ರಾಗಿ ತೆನೆಯನ್ನು ರಸ್ತೆಗೇ ಹರಡುತ್ತಿದ್ದರು, ಲಾರಿ ಬಸ್ಸುಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಅಂತ. ಮಾವನವರು ಹರಡಿದ ತೆನೆಯ ಮೇಲೆ ಗಾಡಿ ಬಿಡುತ್ತಲೇ ಇರಲಿಲ್ಲ, ಅಂಚಿನ ಮಣ್ಣಿಗೆ ಇಳಿಸಿಕೊಂಡು ದಾಟುತ್ತಿದ್ದರು. ಒಂದು ಸಂಜೆ ವಾಪಸು ಬರುವಾಗ ಹಾಗೆ ಅಂಚಿಗೆ ಇಳಿಯುವಷ್ಟರಲ್ಲಿ ಎದುರಿನಿಂದ ಕಲ್ಲು ತುಂಬಿದ ಲಾರಿ ಅದೇ ಅಂಚಿಗೆ ನುಗ್ಗಿತು. ನಾವು ತೆನೆಯ ಮೇಲೇ ಹೋಗಬೇಕಾಯಿತು. ಹಿಂದಿನ ಚಕ್ರ ಜಾರಿತು. ನಾನು ಎಡಕ್ಕೆ, ನೆಲದ ಕಡೆಗೆ ವಾಲುತ್ತಿದ್ದೇನೆ ಅಂತ ಗೊತ್ತಾಯಿತು. ಹೊಟ್ಟೆಗೆ ಎರಡೂ ಕೈ ಅಡ್ಡ ಹಿಡಿದೆ. ಅಷ್ಟೇ. ವಾಲುವುದು ನಿಂತಿತು. ಒಣ ಕಡ್ಡಿ ಮುರಿದಂತೆ ಒಂದು ಸದ್ದು. ಗಾಡಿ ನಿಧಾನವಾಗಿ ನೆಟ್ಟಗಾಯಿತು, ಮೆತ್ತಗೆ ನಿಂತಿತು. ಬಾಣಂತಿ ಕೂಸನ್ನು ಒಂದು ತೋಳಿಂದ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡ ಹಾಗೆ.

"ಹೆಂಗಿದೀಯಾ ಮಗಾ?" ಮಾವನವರು ತಿರುಗದೆ ಕೇಳಿದರು.

"ಏನೂ ಆಗಿಲ್ಲ ಮಾವ."

"ಹೊಟ್ಟೆ?"

"ಒದೀತಾ ಇದೆ."

ಅವರು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಬೆನ್ನು ಒಮ್ಮೆ ಉಬ್ಬಿ ಇಳಿಯಿತು. ಆಮೇಲೆ ಹೊರಟರು. ಅವತ್ತು ಗಾಡಿ ಎರಡನೇ ಗೇರಿನಲ್ಲೇ ಇತ್ತು. ಜಾಲಹಳ್ಳಿ ಬಂದರೂ ಎರಡನೇ ಗೇರು, ಯಶವಂತಪುರದಲ್ಲೂ ಎರಡನೇ ಗೇರು. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. "ಯಾಕೆ ಮಾವ ಇವತ್ತು ಇಷ್ಟು ನಿಧಾನ?" ಅಂದೆ.

"ಸಂಜೆ ಚೆನ್ನಾಗಿದೆ. ನೋಡ್ಕೊಂಡು ಹೋಗೋಣ ಅಂತ."

ನಿಜವಾಗಿಯೂ ಚೆನ್ನಾಗಿತ್ತು. ನಾನು ನೋಡಿಕೊಂಡು ಬಂದೆ.

ಮನೆ ಗೇಟಿನ ಮುಂದೆ ಬಲಗಾಲು ಊರಿ ನಿಲ್ಲಿಸಿದರು. ನಾನು ಇಳಿದೆ. ಅವರು ಇಳಿಯಲಿಲ್ಲ. "ಒಳಗೆ ಹೋಗಿ ನಿನ್ನ ಗಂಡನ್ನ ಕಳ್ಸು. ನೀನು ಕೂತ್ಕೊಂಡು ನೀರು ಕುಡಿ" ಅಂದರು. ಆಗ ಅವರ ಮುಖ ನೋಡಿದೆ. ಸುಟ್ಟ ಕೆನ್ನೆಗಳೂ ಕಣ್ಣ ಸುತ್ತಿನ ಬಿಳುಪೂ ಒಂದೇ ಬಣ್ಣವಾಗಿದ್ದವು.

ನನ್ನ ಗಂಡ ಮತ್ತು ಪಕ್ಕದ ಮನೆಯವರು ಸೇರಿ ಅವರನ್ನು ಎತ್ತಿ ಇಳಿಸಿದರು. ಎಡಗಾಲಿನ ಶೂವನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ವಾಲಿದ ಗಾಡಿಯ ಭಾರವನ್ನೆಲ್ಲ ನೆಲಕ್ಕೆ ಊರಿ ತಡೆದ ಆ ಕಾಲಿನ ಹಿಮ್ಮಡಿಯ ಮೇಲೆ ಎರಡು ಕಡೆ ಮೂಳೆ ಮುರಿದಿತ್ತು. ಎಡಗಾಲಲ್ಲೇ ಗೇರ್ ಹಾಕುವ ಗಾಡಿ ಅದು. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು, "ಈ ಕಾಲಲ್ಲಿ ಅಷ್ಟು ದೂರ ಗೇರ್ ಹಾಕ್ಕೊಂಡು ಬಂದ್ರಾ?" ಅಂತ ಕೇಳಿದರೆ, ಮಾವನವರು ತಪ್ಪು ಮಾಡಿದವರ ಹಾಗೆ, "ಮೊದಲನೆಯದೊಂದು, ಎರಡನೆಯದೊಂದು. ಆಮೇಲೆ ಹಾಕಕ್ಕೆ ಧೈರ್ಯ ಬರ್ಲಿಲ್ಲ" ಅಂದರು.

ನಾನು ಅಳುತ್ತಾ, "ಒಂದು ಮಾತು ಹೇಳಿದ್ರೆ ಅಲ್ಲೇ ಯಾರನ್ನಾದ್ರೂ ಕರೀತಿದ್ದೆನಲ್ಲ ಮಾವ" ಅಂದೆ.

"ಹೇಳಿದ್ರೆ ನೀನು ಹೆದರ್ತಿದ್ದೆ. ಹೆದರಿದೋರು ಹಿಂದೆ ಕೂತ್ರೆ ಗಾಡಿ ಭಾರ ಕಣಮ್ಮ" ಅಂದರು.

ಆ ವಾರವೇ ನನ್ನ ಹೆರಿಗೆ ರಜೆ ಮಂಜೂರಾಯಿತು. ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ಅವಳನ್ನು ಮೊದಲು ಎತ್ತಿಕೊಂಡಾಗ ಮಾವನವರ ಕಾಲು ಸ್ಟೂಲಿನ ಮೇಲೆ ಚಾಚಿತ್ತು. ಕೂಸಿನ ಕತ್ತಿಗೆ ಅಂಗೈ ಕೊಟ್ಟು, ಏನೋ ಅಳತೆ ನೋಡುವವರ ಹಾಗೆ ಮೇಲೆ ಕೆಳಗೆ ಒಮ್ಮೆ ಆಡಿಸಿ, "ತೂಕ ಸರಿಯಾಗಿದೆ" ಅಂದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು.

ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಗಾಡಿ ಓಡಿಸುವುದನ್ನು ಬಿಡಲಿಲ್ಲ, ಆದರೆ ರನ್‌ವೇ ಕಡೆ ಹೋಗಲಿಲ್ಲ. ರೇಸಿನ ಹಳೆಯ ಗೆಳೆಯರು ಬಂದು ಮತ್ತೆ ಹ್ಯಾಂಡಲ್ ತಗ್ಗಿಸಿ ಅಂತ ಒತ್ತಾಯ ಮಾಡಿದರೆ, "ನಮ್ ಗಾಡಿ ಈಗ ಸಂಸಾರಸ್ಥ ಆಗಿದೆ ಗುರು, ಅದನ್ನ ಕೆಡಿಸ್ಬೇಡಿ" ಅನ್ನುತ್ತಿದ್ದರು. ಎಂಬತ್ತರ ದಶಕದಲ್ಲಿ ಹೊಸ ಹಗುರ ಗಾಡಿಗಳು ಬಂದವು. ಬೀದಿಯ ಹುಡುಗರು ಕೊಂಡ ಗಾಡಿಯನ್ನು ಮೊದಲು ನಮ್ಮ ಗೇಟಿಗೆ ತರುತ್ತಿದ್ದರು. ಮಾವನವರು ಒಂದು ಸುತ್ತು ಹೋಗಿ ಬಂದು, "ಓಡತ್ತೆ, ಚೆನ್ನಾಗೇ ಓಡತ್ತೆ. ಈಗ ನಿಮ್ಮಮ್ಮನ್ನ ಕೂರಿಸ್ಕೊಂಡು ಯಲಹಂಕಕ್ಕೆ ಹೋಗಿ ಬಾ. ಇಳಿದ್ಮೇಲೆ ಅವ್ರು ಏನಂತಾರೋ ಅದೇ ಗಾಡಿ ಬೆಲೆ" ಅನ್ನುತ್ತಿದ್ದರು.

ಮಗಳು ಎಂಟನೆಯ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ, ವರಾಂಡದ ಕುರ್ಚಿಯಲ್ಲಿ ಕಾಫಿ ಕುಡಿದು ಕೂತವರು ಹಾಗೇ ಹೋಗಿಬಿಟ್ಟರು. ಅತ್ತೆ ಲೋಟ ತೆಗೆದುಕೊಳ್ಳಲು ಹೋದಾಗಲೇ ಗೊತ್ತಾದದ್ದು.

ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಮೋಟಾರ್ ಸೈಕಲ್ಲುಗಳು. ತಲೆ ನರೆತ, ಹೊಟ್ಟೆ ಬಂದ ಗಂಡಸರು ಗಾಡಿಗಳನ್ನು ದೂರದಲ್ಲೇ ನಿಲ್ಲಿಸಿ, ಸದ್ದು ಮಾಡದೆ ತಳ್ಳಿಕೊಂಡು ಬಂದಿದ್ದರು. ಅವರಲ್ಲಿ ಒಬ್ಬರು ಆ ಬಿಸಿಲಿನಲ್ಲೂ ಹಳೆಯ ಚರ್ಮದ ಜಾಕೆಟ್ ಹಾಕಿಕೊಂಡಿದ್ದರು. ಹಾರ ಹಾಕಿ, ಬಹಳ ಹೊತ್ತು ಕಾಲ ಬಳಿ ನಿಂತು, ಆಮೇಲೆ ನನ್ನ ಹತ್ತಿರ ಬಂದರು.

"ನೀವೇನಾ ತಾಯಿ, ಆ ಮೇಡಂ? ಸೋಲದೇವನಹಳ್ಳಿ ಸ್ಕೂಲು?"

ಹೌದು ಅಂದೆ.

"ನಾನು ಇವ್ರ ಜೊತೆ ಎಷ್ಟೋ ವರ್ಷ ಓಡಿಸ್ದೆ. ಎಲ್ಲಾ ಕಡೆ ಇವ್ರೇ ಮುಂದೆ, ನಾನು ಹಿಂದೆ. ಒಂದೇ ಒಂದ್ಸಲ ಮುಂದೆ ಹೋಗ್ಬೇಕು ಅಂತ ಎಷ್ಟು ಹಟ ಇತ್ತು ಗೊತ್ತಾ." ಅವರು ತಿರುಗಿ ಮಾವನವರ ಕಡೆ ಒಮ್ಮೆ ನೋಡಿದರು. "ಒಂದಿನ ಬೆಳಿಗ್ಗೆ ಹೆಸರಘಟ್ಟ ರಸ್ತೇಲಿ ಇವ್ರ ಗಾಡಿ ಕಾಣಿಸ್ತು. ನಂಗೆ ತಲೆಗೇರ್ತು. ಫುಲ್ ಎತ್ಬಿಟ್ಟೆ. ದಾಟಿ, ತಿರುಗಿ ನೋಡ್ದೆ. ಹಿಂದೆ ನೀವು ಕೂತಿದ್ರಿ, ತುಂಬಿದ ಬಸುರಿ, ಕಣ್ಣು ಮುಚ್ಕೊಂಡು ನಿದ್ದೆ ಮಾಡ್ತಾ ಇದ್ರಿ. ಇವ್ರು ನನ್ನ ನೋಡಿ, ತುಟಿ ಮೇಲೆ ಬೆರಳಿಟ್ಟು 'ಶ್' ಅಂದ್ರು."

ಅವರು ಜಾಕೆಟ್ಟಿನ ತೋಳಿನಿಂದ ಮುಖ ಒರೆಸಿಕೊಂಡರು.

"ಇವ್ರನ್ನ ನಾನು ಹಿಂದೆ ಹಾಕಿದ್ದು ಅದೊಂದೇ ಸಲ, ತಾಯಿ. ಅವತ್ತೇ ನಂಗೆ ಗೊತ್ತಾಯ್ತು, ಈ ಮನುಷ್ಯನ್ನ ಯಾವತ್ತೂ ಗೆಲ್ಲಕ್ಕಾಗಲ್ಲ ಅಂತ."